ಐದನೇ ತಿಂಗಳ ಕೂಸು: ಬಾಟಲಿಯೋ, ಬಟ್ಟಲೋ

ಇವತ್ತಿನ ಮಾತು ಕೂಸಿರುವ ಮನೆಗಳಿಗೆ. ತಾಯಿ ಕೇಳುತ್ತಿದ್ದರೆ ಸಂತೋಷ. ಅತ್ತೆ, ಮಾವ, ಗಂಡ ಕೂಡ ಜೊತೆಗೆ ಕೂತು ಕೇಳುತ್ತಿದ್ದರೆ ಇನ್ನೂ ಸಂತೋಷ. ಏಕೆಂದರೆ ನಾನು ಹೇಳಲಿರುವ ಕೆಲಸದಲ್ಲಿ ದೊಡ್ಡ ಪಾಲು ಅವರದೇ.

ನಮ್ಮ ಕಡೆಯ ರೂಢಿ ನಿಮಗೆ ಗೊತ್ತು. ಚೊಚ್ಚಲ ಹೆರಿಗೆ ತವರಿನಲ್ಲಿ. ಬಾಣಂತನವೂ ಅಲ್ಲೇ. ಹಡೆದವ್ವ ಕೂಸಿಗೆ ಎಣ್ಣೆ ಹಚ್ಚಿ ಎರೆಯುತ್ತಾಳೆ. ಮಗಳಿಗೆ ಹೊತ್ತು ಹೊತ್ತಿಗೆ ಬಿಸಿ ಊಟ ಹಾಕುತ್ತಾಳೆ. ಮಗಳ ಕೆಲಸ ಒಂದೇ, ಕೂಸಿಗೆ ಹಾಲು ಕುಡಿಸುವುದು. ಐದನೇ ತಿಂಗಳು ಬಂತೆಂದರೆ ತೊಟ್ಟಿಲ ಸಮೇತ ಅವಳು ಗಂಡನ ಮನೆಗೆ ಬರುತ್ತಾಳೆ. ಶಿಗ್ಗಾವಿ ತಾಲ್ಲೂಕಿನ ಹಿರೇಬೆಂಡಿಗೇರಿ ಇರಲಿ, ಹಾನಗಲ್ಲ, ಸವಣೂರು, ಹಿರೇಕೆರೂರು ಸೀಮೆಯ ಯಾವುದೇ ಹಳ್ಳಿ ಇರಲಿ, ಬಂದ ಕೆಲವು ದಿನಗಳಲ್ಲೇ ಹೊಲದ ಕೆಲಸ ಬಾಗಿಲಿಗೆ ಬಂದು ನಿಲ್ಲುತ್ತದೆ. ಗೋವಿನಜೋಳದ ಕಳೆ, ಭತ್ತದ ನಾಟಿ, ಹತ್ತಿ ಬಿಡಿಸುವುದು, ಮೆಣಸಿನಕಾಯಿ ಹರಿಯುವುದು, ಬೀಜದ ಪ್ಲಾಟಿನಲ್ಲಿ ಕ್ರಾಸಿಂಗ್. ಮುಂಜಾನೆ ಹೋದವಳು ಮನೆಗೆ ತಿರುಗಿ ಬರುವುದು ಸಂಜೆಗೆ.

ಅದೇ ಹೊತ್ತಿಗೆ ಕೂಸಿನ ಮೈಯಲ್ಲೂ ಒಂದು ಬದಲಾವಣೆ ನಡೆದಿರುತ್ತದೆ. ಬರೀ ಎದೆಹಾಲು ಸಾಕಾಗುವ ಕಾಲ ಮುಗಿಯುತ್ತ ಬಂದಿರುತ್ತದೆ. ಹೀಗೆ ಮೂರು ಬದಲಾವಣೆಗಳು ಒಂದರ ಹಿಂದೊಂದು ಬರುತ್ತವೆ. ತಾಯಿಗೆ ಮನೆ ಬದಲು. ತಾಯಿಗೆ ಕೆಲಸ ಶುರು. ಕೂಸಿಗೆ ಊಟ ಶುರು. ಈ ಮೂರರ ನಡುವೆ ಮನೆಯವರು ಹುಡುಕುವ ದಾರಿ ಸಾಮಾನ್ಯವಾಗಿ ಒಂದೇ: ಸಂತೆಯಿಂದ ಒಂದು ಹಾಲಿನ ಬಾಟಲಿ ತರುವುದು. ಆಮೇಲೆ ಆಶಾ ಕಾರ್ಯಕರ್ತೆಯ ಮುಂದೆ ತಾಯಿ ಅಳುವುದು: “ಕೂಸು ಬಾಟ್ಲಿ ಮುಟ್ಟವಲ್ದರೀ ಅಕ್ಕಾ. ನಾ ಹೊಲಕ್ಕ ಹ್ಯಾಂಗ ಹೋಗ್ಲಿ?”

ಇವತ್ತು ನಾನು ಹೇಳಬೇಕೆಂದಿರುವುದು ಇಷ್ಟು. ಮೊಲೆ ಮತ್ತು ಊಟದ ಗಂಗಾಳ, ಇವೆರಡರ ನಡುವೆ ಬಾಟಲಿ ಬೇಕೇಬೇಕೆಂದಿಲ್ಲ. ಒಂದು ಸ್ಟೀಲ್ ಬಟ್ಟಲು, ಒಂದು ಸಣ್ಣ ಚಮಚ, ಉಣಿಸಲು ಕಲಿತ ಮನೆಯವರೊಬ್ಬರು. ಇಷ್ಟಿದ್ದರೆ ಕೂಸು ಬೆಳೆಯುತ್ತದೆ.

ಮೊದಲು ಆರು ತಿಂಗಳ ಒಳಗಿನ ಕೂಸು. ಇದನ್ನು ಬೇಗ ಮುಗಿಸುತ್ತೇನೆ, ಏಕೆಂದರೆ ಹೇಳುವುದು ಕಡಿಮೆ. ಆರು ತಿಂಗಳು ತುಂಬುವ ತನಕ ಎದೆಹಾಲು ಮಾತ್ರ. ನೀರೂ ಬೇಡ. ಬೇಸಿಗೆಯಲ್ಲೂ ಬೇಡ, ಎದೆಹಾಲಿನಲ್ಲಿ ಬೇಕಾದಷ್ಟು ನೀರಿದೆ. ಗುಟ್ಟಿ ಬೇಡ. ಜೇನು ನೆಕ್ಕಿಸುವುದಂತೂ ಒಂದು ವರ್ಷ ತುಂಬುವ ತನಕ ಬೇಡವೇ ಬೇಡ. ಜೇನಿನಲ್ಲಿರಬಹುದಾದ ಒಂದು ಜಾತಿಯ ರೋಗಾಣು ಎಳೆಯ ಕರುಳಿನಲ್ಲಿ ವಿಷ ಉಂಟುಮಾಡಬಲ್ಲದು. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದೂ, ನಮ್ಮ ಸರ್ಕಾರಿ ಆಸ್ಪತ್ರೆಗಳಲ್ಲಿ ಹೇಳುವುದೂ ಇದೇ. 2019ರಿಂದ 2021ರ ತನಕ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ದೇಶದಲ್ಲಿ ಆರು ತಿಂಗಳೊಳಗಿನ ನೂರು ಮಕ್ಕಳಲ್ಲಿ ಸುಮಾರು 64 ಮಕ್ಕಳಿಗೆ ಎದೆಹಾಲು ಮಾತ್ರ ಸಿಗುತ್ತಿದೆ. ಉಳಿದ ಮೂರನೆಯ ಒಂದು ಪಾಲಿಗಿಂತ ಹೆಚ್ಚು ಮಕ್ಕಳಿಗೆ ಬೇರೇನೋ ಶುರುವಾಗಿಬಿಟ್ಟಿರುತ್ತದೆ.

“ಆರು ತಿಂಗಳ ತನಕ ಮನೆಯಲ್ಲಿ ಕೂತರೆ ಹೊಟ್ಟೆ ತುಂಬೋದು ಹ್ಯಾಂಗ?” ಎಂದು ನೀವು ಕೇಳಬಹುದು. ಕೇಳಲೇಬೇಕಾದ ಪ್ರಶ್ನೆ. ನೌಕರಿಯಲ್ಲಿರುವ ಹೆಣ್ಣುಮಕ್ಕಳಿಗೆ 2017ರ ತಿದ್ದುಪಡಿಯ ನಂತರ ಕಾನೂನು 26 ವಾರಗಳ ಸಂಬಳಸಹಿತ ರಜೆ ಕೊಟ್ಟಿತು. ಲೆಕ್ಕ ಹಾಕಿ ನೋಡಿ, 26 ವಾರ ಅಂದರೆ ಹೆಚ್ಚುಕಡಿಮೆ ಆರು ತಿಂಗಳೇ. ಆದರೆ ಕಂಡವರ ಹೊಲದಲ್ಲಿ ಕೂಲಿ ಮಾಡುವವಳಿಗೆ ಆ ರಜೆ ಯಾರೂ ಕೊಡುವುದಿಲ್ಲ. ಇದು ದೊಡ್ಡ ಅನ್ಯಾಯ ಎಂದೇ ನಾನು ನಂಬಿದ್ದೇನೆ. ಆ ಅನ್ಯಾಯ ಸರಿಯಾಗುವ ತನಕ ಕೂಸು ಕಾಯಲಾರದು. ಆದ್ದರಿಂದ ಇರುವುದರಲ್ಲಿ ಏನು ಮಾಡಬಹುದು, ಅದನ್ನು ನೋಡೋಣ.

ತಾಯಿ ತನ್ನ ಹಾಲನ್ನು ಕೈಯಿಂದ ಹಿಂಡಿ ಇಟ್ಟು ಹೋಗಬಹುದು. ಇದಕ್ಕೆ ಯಂತ್ರ ಬೇಡ. ಕೈಯನ್ನು ಸೋಪಿನಿಂದ ತೊಳೆಯಿರಿ. ಅಗಲ ಬಾಯಿಯ ಸ್ಟೀಲ್ ಪಾತ್ರೆಯನ್ನು ಕುದಿಯುವ ನೀರಿನಲ್ಲಿ ಅದ್ದಿ ತೆಗೆಯಿರಿ. ನಿಶ್ಚಿಂತೆಯಿಂದ ಕೂತುಕೊಳ್ಳಿ. ಮೊಲೆತೊಟ್ಟಿನ ಸುತ್ತ ಕಪ್ಪು ವೃತ್ತವಿದೆಯಲ್ಲ, ಅದರ ಅಂಚಿಗೆ ಮೇಲೆ ಹೆಬ್ಬೆರಳು, ಕೆಳಗೆ ತೋರುಬೆರಳು ಇಡಿ. ಮೊದಲು ಎದೆಯ ಕಡೆಗೆ ಒತ್ತಿ, ಆಮೇಲೆ ಎರಡೂ ಬೆರಳು ಕೂಡಿಸಿ ಅದುಮಿ, ಬಿಡಿ. ತೊಟ್ಟನ್ನೇ ಹಿಡಿದು ಎಳೆಯಬೇಡಿ. ಎಳೆದರೆ ನೋವಾಗುತ್ತದೆಯೇ ಹೊರತು ಹಾಲು ಬರುವುದಿಲ್ಲ. ಮೊದಲ ದಿನ ಒಂದೆರಡು ಚಮಚ ಬಂದರೆ ಹೆದರಬೇಡಿ. ನಾಲ್ಕು ದಿನದಲ್ಲಿ ಕೈಗೆ ರೂಢಿಯಾಗುತ್ತದೆ, ಹಾಲೂ ಹೆಚ್ಚುತ್ತದೆ.

ಹೀಗೆ ಹಿಂಡಿದ ಹಾಲನ್ನು ಮುಚ್ಚಿ ತಂಪು ಜಾಗದಲ್ಲಿಟ್ಟರೆ ನಾಲ್ಕು ತಾಸು ಕೆಡುವುದಿಲ್ಲ. ನಮ್ಮ ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ ಅದಕ್ಕಿಂತ ಬೇಗ ಕುಡಿಸಿ ಮುಗಿಸಿ. ಫ್ರಿಜ್ ಇದ್ದ ಮನೆಯಲ್ಲಿ ಒಂದು ದಿನ ಇಡಬಹುದು. ಈ ಹಾಲನ್ನು ಒಲೆಯ ಮೇಲೆ ಕಾಯಿಸಬಾರದು. ತಣ್ಣಗಿದ್ದರೆ ಪಾತ್ರೆಯನ್ನು ಬಿಸಿನೀರಿನ ಬೋಗಾಣಿಯಲ್ಲಿ ಸ್ವಲ್ಪ ಹೊತ್ತು ಇಟ್ಟರೆ ಸಾಕು. ಕೂಸು ಕುಡಿದು ಬಿಟ್ಟದ್ದನ್ನು ಮತ್ತೆ ಎತ್ತಿಡಬೇಡಿ.

ಹೊಲದಲ್ಲೂ ಮಧ್ಯಾಹ್ನ ಬುತ್ತಿ ಬಿಚ್ಚುವ ಹೊತ್ತಿಗೆ ಒಂದು ಸಲ ಮರೆಗೆ ಹೋಗಿ ಹಾಲು ಹಿಂಡಿ ಚೆಲ್ಲಿದರೂ ಸರಿ. ಎದೆ ಬಿಗಿದು ನೋಯುವುದು ತಪ್ಪುತ್ತದೆ, ಹಾಲು ಬತ್ತುವುದೂ ತಪ್ಪುತ್ತದೆ. ಇನ್ನೊಂದು ಮಾತಿದೆ ನಮ್ಮಲ್ಲಿ. ಬಿಸಿಲಿನಿಂದ ಬಂದವಳು ಹಾಗೇ ಕುಡಿಸಬಾರದು, ಹಾಲು ಕಾದಿರುತ್ತದೆ, ಕೂಸಿಗೆ ಭೇದಿಯಾಗುತ್ತದೆ ಎನ್ನುವ ಮಾತು. ತಾಯಂದಿರೇ, ಎದೆಯೊಳಗೆ ಹಾಲು ಕಾಯುವುದೂ ಇಲ್ಲ, ಕೆಡುವುದೂ ಇಲ್ಲ. ಬಂದವಳು ಒಂದು ಚರಿಗೆ ನೀರು ಕುಡಿದು, ಕೈಕಾಲು ತೊಳೆದು, ಕೂಸನ್ನು ಎತ್ತಿಕೊಳ್ಳಲಿ. ಆದರೆ ಒಂದು ಎಚ್ಚರ. ಮೆಣಸಿನಕಾಯಿ ಹರಿದು ಬಂದ ಕೈಯ ಖಾರ ಬರೀ ನೀರಿಗೆ ಹೋಗುವುದಿಲ್ಲ. ಮೊದಲು ಕೈಗೆ ಅಡುಗೆ ಎಣ್ಣೆ ಸವರಿ, ಆಮೇಲೆ ಸೋಪಿನಿಂದ ತೊಳೆಯಿರಿ. ಕುಪ್ಪಸವನ್ನೂ ಬದಲಿಸಿ. ಹತ್ತಿಗೆ ಕ್ರಿಮಿನಾಶಕ ಎಣ್ಣೆ ಹೊಡೆದ ಹೊಲದಲ್ಲಿ ಕೆಲಸ ಮಾಡಿದ್ದರೆ ಮೈತೊಳೆದು, ಸೀರೆ ಬದಲಿಸಿಯೇ ಕೂಸನ್ನು ಮುಟ್ಟಿ.

ಇಲ್ಲಿಯ ತನಕ ತಾಯಿಯ ಮಾತಾಯಿತು. ಹಾಲು ಹಿಂಡಬಹುದು, ನಾಲ್ಕು ತಾಸು ಇಡಬಹುದು, ಬಿಸಿಲಿನ ಭಯ ಬೇಡ ಎಂದು ಹೇಳಿದೆ. ಇನ್ನು ಮನೆಯಲ್ಲಿ ಉಳಿದವರ ಮಾತು. ಆ ಹಾಲನ್ನು ಕೂಸಿನ ಬಾಯಿಗೆ ಮುಟ್ಟಿಸುವುದು ಹೇಗೆ?

ಕೂಸು ಬಾಟಲಿ ಒಲ್ಲೆ ಎನ್ನುವುದು ಹಟದಿಂದಲ್ಲ. ಮೊಲೆ ಕುಡಿಯುವಾಗ ಅದು ಬಾಯಿ ಅಗಲ ತೆರೆದು, ನಾಲಿಗೆಯನ್ನು ಮುಂದೆ ಚಾಚಿ, ದವಡೆಯಿಂದ ಅದುಮಿ ಹಾಲು ಪಡೆಯುತ್ತದೆ. ಹಾಲು ತಾನು ಬೇಕೆಂದಾಗ ಬರುತ್ತದೆ, ನಿಲ್ಲಿಸಿದಾಗ ನಿಲ್ಲುತ್ತದೆ. ರಬ್ಬರಿನ ನಿಪ್ಪಲ್ ಹಾಗಲ್ಲ. ಅದು ಕಿರಿದು, ಹಾಲು ಒಂದೇ ಸಮ ಸುರಿಯುತ್ತದೆ. ಕೂಸು ಕೆಮ್ಮಿ, ತಿರಸ್ಕರಿಸಿ, ಮೋರೆ ತಿರುಗಿಸುತ್ತದೆ. ಕೆಲವು ಕೂಸುಗಳು ಅದಕ್ಕೂ ಹೊಂದಿಕೊಳ್ಳುತ್ತವೆ. ಆದರೆ ಸುಲಭದ ಹಾಲಿಗೆ ಒಗ್ಗಿದ ಮೇಲೆ ಮೊಲೆಯನ್ನೇ ಒಲ್ಲೆ ಎನ್ನುವ ಕೂಸುಗಳೂ ಇವೆ.

ಬಟ್ಟಲಿನಲ್ಲಿ ಈ ತೊಡಕಿಲ್ಲ. ಹಿಂದೆ ನಮ್ಮ ಮನೆಗಳಲ್ಲಿ ಒಳಲೆ ಇರುತ್ತಿತ್ತು. ಸಣ್ಣ ಬಟ್ಟಲು, ಒಂದು ಕಡೆ ಕಿರಿದಾದ ಉದ್ದ ಮೂತಿ. ಬೆಳ್ಳಿಯದು, ಹಿತ್ತಾಳೆಯದು. ಇವತ್ತು ಸ್ಟೀಲಿನಲ್ಲೂ ಸಿಗುತ್ತದೆ. ಅದಿಲ್ಲದಿದ್ದರೆ ನುಣುಪು ಅಂಚಿನ ಸಣ್ಣ ವಾಟಗವೇ ಸಾಕು. ಕೂಸನ್ನು ತೊಡೆಯ ಮೇಲೆ ನೆಟ್ಟಗೆ ಕೂರಿಸಿಕೊಳ್ಳಿ, ಬೆನ್ನಿಗೆ, ಕತ್ತಿಗೆ ಆಸರೆ ಕೊಡಿ. ವಾಟಗದ ಅಂಚನ್ನು ಕೆಳತುಟಿಗೆ ತಾಗಿಸಿ, ಹಾಲು ತುಟಿಗೆ ಮುಟ್ಟುವಷ್ಟು ಬಾಗಿಸಿ ಅಲ್ಲೇ ಹಿಡಿಯಿರಿ. ಸುರಿಯಬೇಡಿ. ಕೂಸು ತಾನೇ ನಾಲಿಗೆ ಚಾಚಿ ಹೀರುತ್ತದೆ. ನಿಲ್ಲಿಸಿದರೆ ನೀವೂ ನಿಲ್ಲಿಸಿ. ದಿನ ತುಂಬದೆ ಹುಟ್ಟಿ, ಮೊಲೆ ಚೀಪಲು ಶಕ್ತಿ ಸಾಲದ ಪುಟ್ಟ ಕೂಸುಗಳಿಗೂ ಆಸ್ಪತ್ರೆಗಳಲ್ಲಿ ಹೀಗೇ ಕುಡಿಸುತ್ತಾರೆ. ನಿಮ್ಮ ಐದು ತಿಂಗಳ ಗಟ್ಟಿ ಕೂಸು ಖಂಡಿತ ಕುಡಿಯುತ್ತದೆ.

ಇದನ್ನು ತಾಯಿ ಮಾಡಬಾರದು. ತಾಯಿಯ ಮೈವಾಸನೆ ಬಂದರೆ ಕೂಸು ಮೊಲೆಯನ್ನೇ ಹುಡುಕುತ್ತದೆ. ಅಜ್ಜಿ ಕೂರಲಿ, ಅಜ್ಜ ಕೂರಲಿ, ಅಪ್ಪ ಕೂರಲಿ. ತಾಯಿ ಸ್ವಲ್ಪ ಹೊತ್ತು ಹೊರಗೆ ಹೋಗಲಿ. ಕೂಸು ಹಸಿದು ಚೀರುವ ಹೊತ್ತಿಗೆ ಕಲಿಸಲು ಹೋಗಬೇಡಿ. ನಿದ್ದೆಯಿಂದ ಎದ್ದು ಆಡುತ್ತಿರುವ ಹೊತ್ತು ನೋಡಿ. ಹೊಲಕ್ಕೆ ಹೋಗುವ ಮುನ್ನಾದಿನ ಶುರು ಮಾಡಿದರೆ ಸಾಲದು. ಎರಡು ವಾರ ಮೊದಲೇ, ದಿನಕ್ಕೊಂದು ಸಲ, ನಾಲ್ಕು ಗುಟುಕು. ಬಾಣಂತಿ ತವರಿನಲ್ಲಿದ್ದಾಗಲೇ ಅಲ್ಲಿಯ ಅಜ್ಜಿ ಇದನ್ನು ಕಲಿಸಿ ಕಳಿಸಿದರೆ, ಗಂಡನ ಮನೆಯ ಅಜ್ಜಿಗೆ ಕೆಲಸ ಅರ್ಧವಾಗುತ್ತದೆ. ತೊಟ್ಟಿಲ ಜೊತೆ ಈ ರೂಢಿಯನ್ನೂ ಕಳಿಸಿಕೊಡಿ, ತವರಿನವರೇ.

ಬಟ್ಟಲಿನಿಂದ ಕುಡಿಸುವ ಬಗೆ ಹೇಳಿದೆ, ಯಾರು ಕುಡಿಸಬೇಕೆಂದು ಹೇಳಿದೆ. ಬಾಟಲಿಯ ಬಗ್ಗೆ ನನಗೇಕೆ ಇಷ್ಟು ಭಯ, ಅದನ್ನೂ ಹೇಳಬೇಕು.

ಬಾಟಲಿಯ ಕತ್ತು ಕಿರಿದು. ನಿಪ್ಪಲ್ಲಿನ ಒಳಗೆ ಹಾಲಿನ ಜಿಡ್ಡು ನಿಲ್ಲುತ್ತದೆ. ಬೆಚ್ಚಗಿನ ಹವೆಯಲ್ಲಿ ಆ ಜಿಡ್ಡಿನಲ್ಲಿ ರೋಗಾಣುಗಳು ತಾಸುಗಳಲ್ಲಿ ಬೆಳೆಯುತ್ತವೆ. ಬ್ರಷ್ ಹಾಕಿ ತಿಕ್ಕಿ, ಪೂರಾ ನೀರಲ್ಲಿ ಮುಳುಗಿಸಿ ಹತ್ತು ನಿಮಿಷ ಕುದಿಸಿದರೆ ಮಾತ್ರ ಅದು ಶುದ್ಧ. ಪ್ರತಿ ಸಲ ಹೀಗೆ ಮಾಡಬೇಕು. ದಿನಕ್ಕೆ ನಾಲ್ಕು ಸಲ ಹಾಲು ಕೊಟ್ಟರೆ ನಾಲ್ಕು ಸಲ. ನೀರು ದಿನ ಬಿಟ್ಟು ದಿನ ಬರುವ ಊರಿನಲ್ಲಿ, ಮನೆಯಲ್ಲಿ ಎಪ್ಪತ್ತರ ಅಜ್ಜಿ ಒಬ್ಬಳೇ ಇರುವಾಗ, ಇದು ನಡೆಯುವ ಮಾತೇ? ಅಗಲ ಬಾಯಿಯ ಬಟ್ಟಲಾದರೆ ಬೆರಳು ಹೋಗುತ್ತದೆ, ಸೋಪು ಹೋಗುತ್ತದೆ, ಬಿಸಿನೀರು ಸುರಿದರೆ ಮುಗಿಯಿತು.

ಎರಡನೆಯ ಭಯ ನೀರು ಬೆರೆಸುವುದು. ಹಾಲಿನ ಪುಡಿಯ ಡಬ್ಬಿಗೆ ದುಡ್ಡು ಹೆಚ್ಚು. ನಾಲ್ಕು ದಿನಕ್ಕೆ ಬರಬೇಕಾದದ್ದು ಎಂಟು ದಿನಕ್ಕೆ ಬರಲಿ ಎಂದು ನೀರು ಹೆಚ್ಚಿಸುತ್ತಾರೆ. ಆಕಳ ಹಾಲಿಗೂ ಹಾಗೇ. ಬಾಟಲಿ ತುಂಬಿರುತ್ತದೆ, ಕೂಸು ಕುಡಿಯುತ್ತದೆ, ಮಲಗುತ್ತದೆ, ತೂಕ ಮಾತ್ರ ಏರುವುದಿಲ್ಲ. 1939ರಷ್ಟು ಹಿಂದೆಯೇ ಸಿಸಿಲಿ ವಿಲಿಯಮ್ಸ್ ಎಂಬ ವೈದ್ಯೆ ಸಿಂಗಪುರದಲ್ಲಿ ಕೂಸುಗಳು ಹೀಗೆ ಸೊರಗುವುದನ್ನು ಕಂಡು, ಸಿಹಿಗಟ್ಟಿ ಹಾಲನ್ನು ಕೂಸುಗಳಿಗೆ ಮಾರುವುದನ್ನು ಕೊಲೆಗೆ ಸಮ ಎಂದು ಸಭೆಯಲ್ಲೇ ಹೇಳಿದರು.

ಹಾಲಿನ ಪುಡಿಯೇ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಎಮ್ಮೆಯ ಹಾಲಿನಿಂದ ಕೂಸುಗಳ ಆಹಾರ ತಯಾರಿಸುವ ವಿಧಾನ ರೂಪುಗೊಂಡದ್ದು ನಮ್ಮದೇ ಮೈಸೂರಿನಲ್ಲಿ, 1950ರಲ್ಲಿ ಚೆಲುವಾಂಬ ಅರಮನೆಯಲ್ಲಿ ಶುರುವಾದ ಕೇಂದ್ರೀಯ ಆಹಾರ ಸಂಶೋಧನಾಲಯದಲ್ಲಿ. ತಾಯಿ ತೀರಿಕೊಂಡ ಕೂಸಿಗೆ, ವೈದ್ಯರೇ ಎದೆಹಾಲು ಬೇಡವೆಂದ ಕೂಸಿಗೆ ಪುಡಿ ಬೇಕು. ಆಗ ಡಬ್ಬಿಯ ಮೇಲೆ ಬರೆದ ಅಳತೆಗೆ ಸರಿಯಾಗಿ, ಕುದಿಸಿದ ನೀರಿನಲ್ಲಿ ಕಲಸಿ, ಬಟ್ಟಲಿನಿಂದಲೇ ಕುಡಿಸಿ. ಬೇರೆ ಮನೆಗಳಿಗೆ ಆ ಡಬ್ಬಿ ಬೇಡ. 1992ರಲ್ಲಿ ನಮ್ಮ ಸಂಸತ್ತು ಒಂದು ಕಾನೂನು ಮಾಡಿತು, 2003ರಲ್ಲಿ ಅದನ್ನು ಬಿಗಿ ಮಾಡಿತು. ಅದರ ಪ್ರಕಾರ ಶಿಶು ಹಾಲಿನ ಪುಡಿ, ಹಾಲುಣಿಸುವ ಬಾಟಲಿ, ಎರಡು ವರ್ಷದೊಳಗಿನ ಮಕ್ಕಳ ಡಬ್ಬಿ ಆಹಾರ, ಇವಕ್ಕೆ ಜಾಹೀರಾತು ಮಾಡುವಂತಿಲ್ಲ. ತಾಯಿಗೆ ಪುಕ್ಕಟೆ ಡಬ್ಬಿ ಕೊಡುವಂತಿಲ್ಲ. ಡಬ್ಬಿಯ ಮೇಲೆ ಮುದ್ದು ಕೂಸಿನ ಚಿತ್ರ ಹಾಕುವಂತಿಲ್ಲ. ಯಾರಾದರೂ ನಿಮ್ಮ ಹೆರಿಗೆ ಮಂಚದ ಹತ್ತಿರ ಬಂದು ಪುಕ್ಕಟೆ ಡಬ್ಬಿ ಕೊಟ್ಟರೆ, ಅದು ಕಾನೂನಿಗೆ ವಿರುದ್ಧ ಎಂದು ಧೈರ್ಯದಿಂದ ಹೇಳಿ.

ಇಷ್ಟರಲ್ಲಾಗಲೇ ಬಾಟಲಿ ರೂಢಿಯಾಗಿಬಿಟ್ಟಿರುವ ಮನೆಯವರು ಎದೆಗುಂದಬೇಡಿ. ಎರಡು ಬಾಟಲಿ, ನಾಲ್ಕು ನಿಪ್ಪಲ್ ಇಟ್ಟುಕೊಂಡು, ಕುದಿಸಿಯೇ ಬಳಸಿ. ಕೂಸು ಊಟ ಕಲಿಯುತ್ತ ಹೋದಂತೆ ಒಂದೊಂದೇ ಹೊತ್ತನ್ನು ಬಟ್ಟಲಿಗೆ ಬದಲಿಸಿ.

ಬಾಟಲಿಯ ಮಾತು ಮುಗಿಯಿತು. ಈಗ ಆರು ತಿಂಗಳು ತುಂಬಿದ ಕೂಸಿಗೆ ಬರೋಣ. ನನ್ನ ಮಾತಿನ ತಿರುಳು ಇಲ್ಲಿದೆ.

ಆರು ತಿಂಗಳು ತುಂಬಿತೆಂದರೆ ಊಟ ಶುರುವಾಗಲೇಬೇಕು. ಗಂಡು ಕೂಸಿಗೆ ಸಮ ತಿಂಗಳು, ಹೆಣ್ಣು ಕೂಸಿಗೆ ಬೆಸ ತಿಂಗಳು ಎಂದು ಅನ್ನ ಮುಟ್ಟಿಸುವ ರೂಢಿ ಹಲವು ಮನೆಗಳಲ್ಲಿದೆ. ಶಾಸ್ತ್ರ ಮಾಡಿ, ಸಂತೋಷ. ಆದರೆ ಮುಹೂರ್ತ ಮುಂದೆ ಹೋಯಿತೆಂದು, ಬೀಗರು ಬರಲಿಲ್ಲವೆಂದು ಹೆಣ್ಣು ಕೂಸನ್ನು ಎಂಟು, ಒಂಬತ್ತು ತಿಂಗಳ ತನಕ ಬರೀ ಹಾಲಿನಲ್ಲಿ ಇಡಬೇಡಿ. ಹುಟ್ಟುವಾಗ ತಾಯಿಯಿಂದ ತಂದ ಕಬ್ಬಿಣದ ಅಂಶ ಆರು ತಿಂಗಳ ಹೊತ್ತಿಗೆ ಕರಗಿರುತ್ತದೆ. ಎದೆಹಾಲಿನಲ್ಲಿ ಕಬ್ಬಿಣ ಬಹಳ ಕಡಿಮೆ. ಇನ್ನು ಮೇಲೆ ಅದು ಊಟದಿಂದಲೇ ಬರಬೇಕು.

ಎಷ್ಟು ಕೊಡಬೇಕು? ಆರರಿಂದ ಎಂಟು ತಿಂಗಳಲ್ಲಿ ದಿನಕ್ಕೆ ಎರಡು ಮೂರು ಸಲ. ಎರಡು ಮೂರು ಚಮಚದಿಂದ ಶುರು ಮಾಡಿ, ಅರ್ಧ ವಾಟಗಕ್ಕೆ ಏರಿಸಿ. ಒಂಬತ್ತು ತಿಂಗಳಾದ ಮೇಲೆ ಮೂರು ನಾಲ್ಕು ಸಲ, ನಡುವೆ ಒಂದು ಹಣ್ಣು. ವರ್ಷ ತುಂಬಿದ ಮೇಲೆ ಒಂದೊಂದು ಊಟಕ್ಕೆ ಮುಕ್ಕಾಲರಿಂದ ಒಂದು ವಾಟಗ. ವಾಟಗ ಅಂದರೆ ಕಾಲು ಲೀಟರ್ ಹಿಡಿಯುವಂಥದ್ದು. ಎದೆಹಾಲು ಎರಡು ವರ್ಷ ಮತ್ತು ಅದರಾಚೆಗೂ ನಡೆಯಲಿ. ವರ್ಷ ತುಂಬುವ ತನಕ ಕೂಸಿನ ಶಕ್ತಿಯ ಅರ್ಧ ಪಾಲು ಅಲ್ಲಿಂದಲೇ ಬರುತ್ತದೆ.

ಅಳತೆ ಹೇಳಿದೆ. ಅಳತೆಗಿಂತ ಮುಖ್ಯವಾದದ್ದು ಒಂದಿದೆ. ಅದು ದಪ್ಪ, ಊಟ ಎಷ್ಟು ಗಟ್ಟಿಯಾಗಿದೆ ಎನ್ನುವುದು.

ಅಜ್ಜಿಯಂದಿರೇ, ಇದನ್ನು ಮನಸ್ಸಿಟ್ಟು ಕೇಳಿ. ಎಂಟು ಕಿಲೋ ತೂಗುವ ಕೂಸಿನ ಹೊಟ್ಟೆ ಒಂದು ಸಲಕ್ಕೆ ಹಿಡಿಯುವುದು ಸುಮಾರು 240 ಎಂಎಲ್, ಅಂದರೆ ಒಂದು ವಾಟಗ. ಅದರಲ್ಲಿ ನೀವು ಅನ್ನದ ತಿಳಿಗಂಜಿ ತುಂಬಿದರೆ, ಬೇಳೆಯ ಕಟ್ಟು ತುಂಬಿದರೆ, ಹೊಟ್ಟೆ ಉಬ್ಬಿತು, ಕೂಸು ಸುಮ್ಮನಾಯಿತು. ಆದರೆ ತುಂಬಿದ್ದು ನೀರು. ನೂರು ಎಂಎಲ್ ಎದೆಹಾಲಿನಲ್ಲಿ ಸುಮಾರು 65 ಕ್ಯಾಲೊರಿ ಶಕ್ತಿ ಇದೆ. ತಿಳಿಯಲ್ಲಿ ಅದರ ಅರ್ಧವೂ ಇರುವುದಿಲ್ಲ. ಅಂದರೆ ಒಳ್ಳೆಯ ಹಾಲನ್ನು ಸರಿಸಿ ಆ ಜಾಗಕ್ಕೆ ಬಡ ಊಟ ಹಾಕಿದ ಹಾಗಾಯಿತು. “ಗಟ್ಟಿ ಉಣಿಸಿದ್ರ ಜೀರ್ಣ ಆಗೋದಿಲ್ಲ” ಎನ್ನುವ ಮಾತು ಎಷ್ಟೋ ಕೂಸುಗಳನ್ನು ಬಡಕಲು ಮಾಡಿದೆ. ಆರು ತಿಂಗಳಿನ ಕರುಳು ಮೆತ್ತಗೆ ಬೇಯಿಸಿ ಕಿವುಚಿದ ಗಟ್ಟಿ ಊಟವನ್ನು ಚೆನ್ನಾಗಿ ಅರಗಿಸುತ್ತದೆ.

ಪರೀಕ್ಷೆ ಸುಲಭ. ಊಟವನ್ನು ಚಮಚದಲ್ಲಿ ತೆಗೆದುಕೊಂಡು ಓರೆ ಮಾಡಿ. ಜಾರಿ ಸುರಿದರೆ ನೀರಾಗಿದೆ. ಅಂಟಿಕೊಂಡು ನಿಧಾನ ಬಿದ್ದರೆ ಸರಿಯಾಗಿದೆ. ಅದೇ ನೋಡಿ, ಬಾಟಲಿಯ ಇನ್ನೊಂದು ಕೇಡು. ರಾಗಿ ಗಂಜಿಯನ್ನು ಬಾಟಲಿಗೆ ಹಾಕಿ ಕೊಡಬೇಕಾದರೆ ಅದನ್ನು ನೀರು ಮಾಡಲೇಬೇಕು. ನಿಪ್ಪಲ್ಲಿನ ತೂತಿನಲ್ಲಿ ಗಟ್ಟಿ ಊಟ ಇಳಿಯುವುದಿಲ್ಲ.

ಏನು ಉಣಿಸಬೇಕು? ಮನೆಯಲ್ಲಿರುವುದೇ. ಸಾವಕ್ಕಿ ನಮ್ಮ ಸೀಮೆಯ ಧಾನ್ಯ. ಎರಡು ಹಿಡಿ ಸಾವಕ್ಕಿ ಅಥವಾ ಅಕ್ಕಿಗೆ ಒಂದು ಹಿಡಿ ಹೆಸರಬ್ಯಾಳಿ ಹಾಕಿ, ಹಿಚುಕಿದರೆ ಬೆಣ್ಣೆಯಂತಾಗುವಷ್ಟು ಬೇಯಿಸಿ. ಒಂದು ತುಂಡು ಗಜ್ಜರಿಯನ್ನೋ ಕುಂಬಳಕಾಯಿಯನ್ನೋ ಜೊತೆಗೇ ಹಾಕಿ. ಇಳಿಸಿದ ಮೇಲೆ ಒಂದು ಸಣ್ಣ ಚಮಚ ತುಪ್ಪ. ಆ ಒಂದು ಚಮಚದಲ್ಲೇ 45 ಕ್ಯಾಲೊರಿ ಇದೆ, ಹೊಟ್ಟೆಯಲ್ಲಿ ಜಾಗ ಮಾತ್ರ ಬೇಡುವುದಿಲ್ಲ. ತುಪ್ಪವಿಲ್ಲದಿದ್ದರೆ ಶೇಂಗಾ ಎಣ್ಣೆ ಆಗುತ್ತದೆ. ರಾಜಗಿರಿ, ಮೆಂತೆ, ಪಾಲಕ ಸೊಪ್ಪನ್ನು ಬೇಯಿಸಿ ಕಿವುಚಿ ಹಾಕಿ, ಮೇಲೆ ನಾಲ್ಕು ಹನಿ ಲಿಂಬೆರಸ ಹಿಂಡಿ. ಲಿಂಬೆಯ ಹುಳಿ ಸೊಪ್ಪಿನ ಕಬ್ಬಿಣವನ್ನು ಮೈಗೆ ಹತ್ತಿಸುತ್ತದೆ.

ಎಂಟು ತಿಂಗಳಾದ ಕೂಸಿಗೆ ಬಿಸಿ ಜೋಳದ ರೊಟ್ಟಿಯ ಒಳಗಿನ ಮೆತ್ತನೆಯ ಭಾಗವನ್ನು ಬೇಳೆಯಲ್ಲಿ ನೆನೆಸಿ, ಕಿವುಚಿ ಕೊಡಿ. ಖಾರ ಹಾಕುವ ಮೊದಲೇ ಬೇಳೆಯನ್ನು ಬೇರೆ ತೆಗೆದಿಡಿ. ತತ್ತಿ ತಿನ್ನುವ ಮನೆಯವರು ಚೆನ್ನಾಗಿ ಬೇಯಿಸಿದ ತತ್ತಿಯನ್ನು ಹಿಂಜರಿಯದೆ ಕೊಡಿ. ಬಾಳೆಹಣ್ಣು, ಪಪ್ಪಾಯಿ ಕಿವುಚಿ ಕೊಡಿ. ಶೇಂಗಾ, ಪುಠಾಣಿ ಒಳ್ಳೆಯವು, ಆದರೆ ಪುಡಿ ಮಾಡಿಯೇ. ಇಡೀ ಕಾಳು ಗಂಟಲಿಗೆ ಸಿಕ್ಕಿ ಉಸಿರು ಕಟ್ಟಬಹುದು. ವರ್ಷ ತುಂಬುವ ತನಕ ಉಪ್ಪು ಬೇಡ, ಸಕ್ಕರೆಯೂ ಬೇಡ. ನಮ್ಮ ನಾಲಿಗೆಗೆ ಸಪ್ಪೆ ಎನಿಸಿದ್ದು ಕೂಸಿಗೆ ಸಪ್ಪೆಯಲ್ಲ.

ಹಿಟ್ಟಿನ ಬಗ್ಗೆ ಒಂದು ಜಾಣತನ ನಮ್ಮ ಹಿರಿಯರಿಗೆ ಗೊತ್ತಿತ್ತು. ರಾಗಿಯನ್ನೋ ಹೆಸರನ್ನೋ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ನೆರಳಲ್ಲಿ ಒಣಗಿಸಿ, ಹದವಾಗಿ ಹುರಿದು ಬೀಸುವುದು. ಮೊಳಕೆ ಒಡೆಯುವಾಗ ಕಾಳಿನಲ್ಲಿ ಹುಟ್ಟುವ ಒಂದು ರಸ ಪಿಷ್ಟವನ್ನು ಒಡೆಯುತ್ತದೆ. ಆಗ ಹೆಚ್ಚು ಹಿಟ್ಟು ಹಾಕಿದರೂ ಗಂಜಿ ಗಂಟುಗಟ್ಟದೆ ಮೆತ್ತಗಿರುತ್ತದೆ. ಅಷ್ಟೇ ಹೊಟ್ಟೆಯಲ್ಲಿ ಹೆಚ್ಚು ಊಟ ಹಿಡಿಯುತ್ತದೆ. ಅಂಗನವಾಡಿಯಿಂದ ಆರು ತಿಂಗಳ ಮೇಲಿನ ಕೂಸಿಗೆ ಮನೆಗೆ ಕೊಡುವ ಪುಷ್ಟಿ ಪುಡಿಯೂ ಕೂಸಿನ ಊಟಕ್ಕೇ. ಅದನ್ನು ಇಡೀ ಮನೆ ಹಂಚಿಕೊಂಡು ಉಣ್ಣುವುದು, ಎಮ್ಮೆಗೆ ಹಾಕುವುದು ಬೇಡ.

ಬೇಡ ಎನ್ನಬೇಕಾದ ಇನ್ನೊಂದು ಚಹಾ. ಅಜ್ಜನ ಬಸಿಯಲ್ಲಿ ಅದ್ದಿದ ಬಿಸ್ಕೀಟು ನಮ್ಮ ಕೂಸುಗಳ ಮೊದಲ ತಿಂಡಿಯಾಗಿಬಿಟ್ಟಿದೆ. ಪ್ರೀತಿಯಿಂದಲೇ ಕೊಡುತ್ತಾರೆ. ಆದರೆ ಚಹಾದ ಒಗರು ಕಬ್ಬಿಣವನ್ನು ಮೈಗೆ ಹತ್ತಗೊಡುವುದಿಲ್ಲ, ಬಿಸ್ಕೀಟಿನಲ್ಲಿ ಇರುವುದು ಮೈದಾ, ಸಕ್ಕರೆ. ಅಜ್ಜಂದಿರೇ, ಆ ಪ್ರೀತಿಯನ್ನು ಬಾಳೆಹಣ್ಣಿನಲ್ಲಿ ತೋರಿಸಿ.

ಗಟ್ಟಿ ಊಟ, ಮೇಲೆ ತುಪ್ಪ, ಜೊತೆಗೆ ಬೇಳೆ ಸೊಪ್ಪು, ಚಹಾ ಬೇಡ. ಇಷ್ಟಾಯಿತು. ಕೂಸು ಉಗುಳಿದರೆ ಏನು ಮಾಡಬೇಕು?

ಉಗುಳುತ್ತದೆ. ಈ ತನಕ ನಾಲಿಗೆಯನ್ನು ಮುಂದೆ ಚಾಚಿ ಕುಡಿದ ಕೂಸು, ಊಟವನ್ನೂ ಹಾಗೇ ಹೊರದಬ್ಬುತ್ತದೆ. ಬೇಡ ಎಂದು ಅದರ ಅರ್ಥವಲ್ಲ. ಒಂದು ಹೊಸ ರುಚಿಗೆ ಎಂಟು ಹತ್ತು ಸಲವಾದರೂ ಅವಕಾಶ ಕೊಡಬೇಕು. ಮೂಗು ಹಿಡಿದು ತುರುಕಬೇಡಿ. ಮೊಬೈಲ್ ತೋರಿಸಿ ಮೈಮರೆಸಬೇಡಿ. ಎದುರು ಕೂತು, ಮಾತಾಡಿಸುತ್ತ, ಕೂಸು ಬಾಯಿ ತೆರೆದಾಗ ಕೊಡಿ. ಅದಕ್ಕೆಂದೇ ಒಂದು ಬಟ್ಟಲು ಇರಲಿ. ದೊಡ್ಡವರ ಗಂಗಾಳದಿಂದ ತುತ್ತು ಕೊಟ್ಟರೆ ಅದು ಎಷ್ಟು ಉಂಡಿತೆಂದು ಯಾರಿಗೂ ತಿಳಿಯುವುದಿಲ್ಲ. ಬೇರೆ ಬಟ್ಟಲಾದರೆ ಉಳಿದದ್ದು ಕಣ್ಣಿಗೆ ಕಾಣುತ್ತದೆ.

ಮೊದಲು ಹೇಳಿದ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಇನ್ನೊಂದು ಲೆಕ್ಕವಿದೆ. ಆರು ತಿಂಗಳಿನಿಂದ ಎರಡು ವರ್ಷದೊಳಗಿನ ನೂರು ಮಕ್ಕಳಲ್ಲಿ ಸಾಕಷ್ಟು ಸಲ, ಸಾಕಷ್ಟು ಬಗೆಯ ಊಟ ಸಿಗುತ್ತಿರುವುದು ದೇಶದಲ್ಲಿ ಸುಮಾರು 11 ಮಕ್ಕಳಿಗೆ ಮಾತ್ರ. ಈ ಅಂಕಿ ಓದಿದಾಗಲೆಲ್ಲ ನನ್ನ ಮನಸ್ಸು ಕುಗ್ಗುತ್ತದೆ. ಜೋಳ, ಬೇಳೆ, ಸೊಪ್ಪು ಇರುವ ಮನೆಗಳಲ್ಲೂ ಇದು ನಡೆಯುತ್ತಿದೆ. ಕಾರಣ ಬಡತನ ಒಂದೇ ಅಲ್ಲ. ಕೂತು ಉಣಿಸುವ ಅರ್ಧ ತಾಸು ಯಾರ ಬಳಿಯೂ ಇಲ್ಲ. ತಾಯಿ ಹೊಲದಲ್ಲಿದ್ದಾಳೆ, ಉಳಿದವರಿಗೆ ಇದು ತಮ್ಮ ಕೆಲಸ ಎಂದು ಅನಿಸಿಲ್ಲ.

ಕೆಲವು ಆಸರೆಗಳು ಊರಲ್ಲೇ ಇವೆ. ಕೂಸಿಗೆ ಮೂರು, ಆರು, ಒಂಬತ್ತು, ಹನ್ನೆರಡು, ಹದಿನೈದು ತಿಂಗಳಾದಾಗ ಆಶಾ ಕಾರ್ಯಕರ್ತೆ ಮನೆಗೆ ಬರಬೇಕು. ಬಂದಾಗ ಬಾಗಿಲಲ್ಲೇ ಮಾತಾಡಿಸಿ ಕಳಿಸಬೇಡಿ. ಒಳಗೆ ಕೂರಿಸಿ, ಉಣಿಸುವುದನ್ನು ತೋರಿಸಿ, ಹಾಲು ಹಿಂಡುವುದನ್ನು ಕೇಳಿ ಕಲಿಯಿರಿ. ಆರು ತಿಂಗಳ ಮೇಲೆ ವಾರಕ್ಕೆ ಎರಡು ಸಲ ಒಂದೊಂದು ಎಂಎಲ್ ಕಬ್ಬಿಣದ ಸಿರಪ್ ಕೊಡಬೇಕು. ಅದನ್ನು ಅವರಿಂದಲೇ ಕೇಳಿ ಪಡೆಯಿರಿ. ಕೆಲಸದ ಜಾಗದಲ್ಲಿ ಆರು ವರ್ಷದೊಳಗಿನ ಐದು ಮಕ್ಕಳಿದ್ದರೆ ಅವರನ್ನು ನೋಡಿಕೊಳ್ಳಲು ಒಬ್ಬ ಹೆಂಗಸಿಗೆ ಕೂಲಿ ಕೊಟ್ಟು ಕೂರಿಸಬೇಕೆಂದು 2005ರ ಉದ್ಯೋಗ ಖಾತ್ರಿ ಕಾನೂನಿನಲ್ಲೇ ಬರೆದಿತ್ತು. 2023ರ ರಾಜ್ಯ ಬಜೆಟ್ಟಿನಲ್ಲಿ ಕೂಲಿಕಾರರ ಮಕ್ಕಳಿಗಾಗಿ 4,000 ಗ್ರಾಮ ಪಂಚಾಯಿತಿಗಳಲ್ಲಿ ಕೂಸಿನ ಮನೆ ತೆರೆಯುವುದಾಗಿ ಸರ್ಕಾರ ಹೇಳಿತು. ನಿಮ್ಮ ಪಂಚಾಯಿತಿಯಲ್ಲಿ ಕೂಸಿನ ಮನೆ ಇದೆಯೇ? ಇದ್ದರೆ ಹೋಗಿ ನೋಡಿ, ಅಲ್ಲಿ ಊಟ ಗಟ್ಟಿಯಾಗಿದೆಯೇ, ಬಟ್ಟಲು ಚೊಕ್ಕವಾಗಿವೆಯೇ ಎಂದು ಕೇಳಿ. ಇಲ್ಲದಿದ್ದರೆ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ. ಚರಂಡಿ, ರಸ್ತೆಯ ಮಾತು ಎಲ್ಲರೂ ಎತ್ತುತ್ತಾರೆ. ಕೂಸಿನ ಊಟದ ಮಾತು ಎತ್ತುವವರು ಬೇಕು.

ಕೊನೆಗೆ ಕಾಯಿಲೆಯ ಮಾತು, ಏಕೆಂದರೆ ಊಟ ಶುರುವಾದ ತಿಂಗಳುಗಳಲ್ಲೇ ಭೇದಿಯೂ ಹೆಚ್ಚು. ಭೇದಿಯಾಯಿತೆಂದು ಎದೆಹಾಲು ನಿಲ್ಲಿಸಬೇಡಿ, ಊಟವನ್ನೂ ನಿಲ್ಲಿಸಬೇಡಿ. ಓಆರ್‌ಎಸ್ ಪುಡಿಯನ್ನು ಪೊಟ್ಟಣದ ಮೇಲೆ ಬರೆದಷ್ಟೇ ಕುದಿಸಿ ಆರಿಸಿದ ನೀರಿಗೆ ಕಲಸಿ, ಚಮಚ ಚಮಚವಾಗಿ ಕುಡಿಸಿ. ಜಿಂಕ್ ಮಾತ್ರೆಯನ್ನು ಭೇದಿ ನಿಂತರೂ 14 ದಿನ ಪೂರ್ತಿ ಕೊಡಿ. ಗುಣವಾದ ಮೇಲೆ ಎರಡು ವಾರ ದಿನಕ್ಕೊಂದು ಊಟ ಹೆಚ್ಚಿಗೆ ಕೊಡಿ, ಹೋದ ತೂಕ ಮರಳುತ್ತದೆ. ಕೂಸು ಏನೂ ಕುಡಿಯದಿದ್ದರೆ, ಕಣ್ಣು ಗುಳಿಬಿದ್ದರೆ, ಮಲದಲ್ಲಿ ರಕ್ತ ಕಂಡರೆ, ಎಬ್ಬಿಸಿದರೂ ಏಳದೆ ಮಂಕಾಗಿದ್ದರೆ, ಬೆಳಗಾಗಲಿ ಎಂದು ಕಾಯಬೇಡಿ. ರಾತ್ರಿಯಾದರೂ 108ಕ್ಕೆ ಫೋನ್ ಮಾಡಿ, ಹತ್ತಿರದ ಆಸ್ಪತ್ರೆಗೆ ಕರೆದೊಯ್ಯಿರಿ. ದಾರಿಯಲ್ಲೂ ಮೊಲೆ ಕುಡಿಸುತ್ತಿರಿ, ಓಆರ್‌ಎಸ್ ಗುಟುಕಿಸುತ್ತಿರಿ.